ಹರ್ಮನ್ ಮೊಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ (ಮೇ 29, 1811 – ಮೇ 10, 1881) ಬಾಸೆಲ್ ಮಿಷನ್ನಿನ ಮೂಲಕ ಕರ್ನಾಟಕಕ್ಕೆ ಬಂದ ಜರ್ಮನ್ ಪಾದ್ರಿ, ಅಧ್ಯಾಪಕ, ಪತ್ರಿಕಾ ಸಂಪಾದಕ, ಗ್ರಂಥ ಸಂಪಾದಕ ಹಾಗೂ ಕೊಡಗಿನ ಇತಿಹಾಸಕಾರ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ದ ಸಂಪಾದಕರೆಂದೇ ಅವರ ಹೆಸರು ಹೆಚ್ಚು ಪ್ರಚಲಿತ. ಆ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತಿದೆ. ಈ ಕೀರ್ತಿಯ ನೆರಳಿನಲ್ಲಿ ಅವರ ಇನ್ನೊಂದು ಕೆಲಸ ಅಷ್ಟಾಗಿ ಗಮನಕ್ಕೆ ಬಂದಿಲ್ಲ. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ 'ಕೂರ್ಗ್ ಮೆಮಾಯರ್ಸ್' ಎಂಬ ಇಂಗ್ಲಿಷ್ ಗ್ರಂಥವು ಕೊಡಗಿನ ನೆಲ, ಜನ ಮತ್ತು ಅರಸುಮನೆತನದ ಕಥೆಯನ್ನು ಒಟ್ಟಿಗೆ ಹೇಳಿದ ಆರಂಭಿಕ ಕೃತಿಗಳಲ್ಲಿ ಒಂದು. ಮುಂದಿನ ಗೆಜೆಟಿಯರುಗಳೂ ಇತಿಹಾಸಗಳೂ ಈ ಗ್ರಂಥವನ್ನು ಬಳಸಿಕೊಂಡೇ ಬೆಳೆದವು.

ಆರಂಭಿಕ ಜೀವನ

ಮೊಗ್ಲಿಂಗ್ ಜನಿಸಿದ್ದು ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೈವಶಾಸ್ತ್ರದ ವ್ಯಾಸಂಗ ಮಾಡಿದರು. ಮುಂದೆ ಮಲಯಾಳ ಭಾಷೆಯ ನಿಘಂಟುಕಾರರಾಗಿ ಪ್ರಸಿದ್ಧರಾದ ಹರ್ಮನ್ ಗುಂಡರ್ಟ್ ಅವರ ಗೆಳೆಯರು. ಇಬ್ಬರ ಸ್ನೇಹ ಜೀವನದ ಕೊನೆಯವರೆಗೂ ಉಳಿಯಿತು. (ಈ ಗುಂಡರ್ಟ್ ಅವರ ಮಗಳ ಮಗನೇ ಪ್ರಸಿದ್ಧ ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆ.) ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ್ದು 1834ರಲ್ಲಿ. ಅದಾದ ಎರಡು ವರ್ಷಕ್ಕೆ, 1836ರ ಕೊನೆಯಲ್ಲಿ, ಮೊಗ್ಲಿಂಗ್ ಆ ಊರಿಗೆ ಬಂದಿಳಿದರು. ಆಗ ಅವರಿಗೆ 25 ವರ್ಷ ವಯಸ್ಸು.

ಅವರು ಬಂದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಮಂಗಳೂರು ಕೆಲವು ದಿನಗಳ ಮಟ್ಟಿಗೆ ಕಂಪನಿ ಸರ್ಕಾರದ ಕೈ ತಪ್ಪಿತು. ಕೊಡಗಿನ ಭಾಗವಾಗಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ರೂಪದಲ್ಲಿ ಸಲ್ಲಿಸುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು ರೈತರ ಸಿಟ್ಟಿಗೆ ಒಂದು ಕಾರಣವಾಗಿತ್ತು. ಪದಚ್ಯುತ ಕೊಡಗು ಅರಸುಮನೆತನದ ಹೆಸರಿನಲ್ಲಿ ಜನ ಘಟ್ಟದ ಕೆಳಗಿನಿಂದ ದಂಡೆತ್ತಿ ಬಂದಿದ್ದರು. ಇಂದು 'ಅಮರ ಸುಳ್ಯ ದಂಗೆ' ಎಂದು ಕರೆಯಲಾಗುವ ಈ ಪ್ರಕರಣಕ್ಕೆ ದಕ್ಷಿಣ ಕನ್ನಡದ ಆಡುಮಾತಿನಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರೂ ಇದೆ. ಮೊಗ್ಲಿಂಗ್ ಕೊಡಗಿನ ಬೆಟ್ಟ ಹತ್ತುವ 16 ವರ್ಷ ಮೊದಲೇ ಕೊಡಗಿನ ರಾಜಕಾರಣ ಹೀಗೆ ಅವರಿದ್ದ ಕರಾವಳಿಗೆ ಇಳಿದು ಬಂದಿತ್ತು.

ಮಂಗಳೂರಿನಲ್ಲಿ ಅಧ್ಯಾಪನ

ಮೊಗ್ಲಿಂಗ್ ಅವರ ಮಂಗಳೂರಿನ ವರ್ಷಗಳ ಮುಖ್ಯ ಕಸುಬು ಪಾಠ ಹೇಳುವುದು. ಮಿಷನ್ನಿನ ಶಾಲೆಯಲ್ಲಿ ಊರಿನ ಮೇಲ್ಜಾತಿಯ ಹುಡುಗರಿಗೆ ಇಂಗ್ಲಿಷ್ ಕಲಿಸಿದರು. ಸ್ಥಳೀಯ ಕ್ರೈಸ್ತ ಉಪದೇಶಕರನ್ನು ತರಬೇತುಗೊಳಿಸುವ ವಿದ್ಯಾಲಯವನ್ನು ಕಟ್ಟಿದರು. 1847ರಲ್ಲಿ ಬಲ್ಮಠದಲ್ಲಿ ನೆಲೆಗೊಂಡ ಆ ವಿದ್ಯಾಲಯವೇ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಮೂಲ. ಪಾಠವೆಲ್ಲ ಕನ್ನಡದಲ್ಲೇ ನಡೆಯಬೇಕು, ಉಪದೇಶಕನಾಗುವವನು ತನ್ನ ಜನರ ಪುರಾಣ, ಪದ, ಗಾದೆಗಳನ್ನು ಬಲ್ಲವನಾಗಿರಬೇಕು ಎಂಬುದು ಅವರ ನಿಲುವು. ಕನ್ನಡದ ಹಳೆಯ ಕಾವ್ಯಗಳ ಕಡೆಗೆ ಅವರನ್ನು ತಿರುಗಿಸಿದ್ದರಲ್ಲಿ ಈ ನಿಲುವಿನ ಪಾಲು ದೊಡ್ಡದು.

ಅವರ ಶಿಷ್ಯರಲ್ಲಿ ಪ್ರಮುಖ ಆನಂದರಾಯ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ 1844ರ ಜನವರಿಯಲ್ಲಿ ಇನ್ನಿಬ್ಬರು ಗೆಳೆಯರೊಂದಿಗೆ ಕ್ರೈಸ್ತಮತ ಸ್ವೀಕರಿಸಿದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾಯ ಕೌಂಡಿನ್ಯ ಎನಿಸಿಕೊಂಡ ಅವರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿದರು. ಕೊಡಗಿನ ಕಥೆಯಲ್ಲಿ ಅವರ ಹೆಸರು ಮತ್ತೆ ಬರುತ್ತದೆ.

ಪತ್ರಿಕೆ ಮತ್ತು ಗ್ರಂಥ ಸಂಪಾದನೆ

'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಆರಂಭವಾಯಿತು. ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಾಕ್ಷಿಕ. ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪಗಳು, ಅನ್ಯದೇಶಗಳ ಸುದ್ದಿ, ಕಥೆ, ಹಾಡು ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು. ಬಹಳ ಕಾಲ ನಡೆಯಲಿಲ್ಲ.

ಸೋದರಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಅವರೊಡನೆ ಜಾನ್ ಬನ್ಯನ್ನನ ಪ್ರಸಿದ್ಧ ಕೃತಿಯನ್ನು 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದದ್ದೂ ಇದೇ ದಶಕದಲ್ಲಿ. ಇದಕ್ಕಿಂತ ದೊಡ್ಡ ಸಾಹಸ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆ. ಕ್ಯಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ 1848ರಿಂದ ಸುಮಾರು ಐದು ವರ್ಷ ನಡೆದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತದ ಭಾಗಗಳು, ರಾವಣ ದಿಗ್ವಿಜಯವೆಂಬ ಯಕ್ಷಗಾನ ಪ್ರಸಂಗ, ದಾಸರ ಪದಗಳು ಮೊದಲಾದವು ಓಲೆಗರಿಗಳಿಂದ ಅಚ್ಚಿಗೆ ಬಂದವು. ಹರಿದಾಸರ ಹಾಡುಗಳ ಮೊದಲ ಮುದ್ರಿತ ಸಂಕಲನವೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸುವುದು ಈ ಮಾಲೆಯದ್ದನ್ನೇ. ವೈಷ್ಣವ, ವೀರಶೈವ, ಜಾನಪದ ಎಂಬ ಭೇದವಿಲ್ಲದೆ ಅನ್ಯಮತದ ಗ್ರಂಥಗಳನ್ನು ಒಬ್ಬ ಪಾದ್ರಿ ಅಚ್ಚು ಹಾಕಿಸಿದ್ದು ಈಗಲೂ ಅಚ್ಚರಿ ಹುಟ್ಟಿಸುವ ಸಂಗತಿ. ಈ ಕಾರ್ಯಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿ ನೀಡಿತು.

ಕೊಡಗಿಗೆ ಪಯಣ

1850ರ ದಶಕದ ಆರಂಭಕ್ಕೆ ಮೊಗ್ಲಿಂಗ್ ದಣಿದಿದ್ದರು. ಸ್ವದೇಶಕ್ಕೆ ಮರಳುವ ಆಲೋಚನೆಯಲ್ಲಿದ್ದರು. ಆಗ ಅಲಮಂಡ ಸೋಮಯ್ಯ ಎಂಬ ಕೊಡವರೊಬ್ಬರು ಮಂಗಳೂರಿಗೆ ಬಂದು ದೀಕ್ಷಾಸ್ನಾನ ಪಡೆದರು. ಅವರಿಗೆ ಸ್ತೆಫಾನ ಎಂದು ಹೊಸ ಹೆಸರಾಯಿತು. ಅವರನ್ನು ಒಂಟಿಯಾಗಿ ಊರಿಗೆ ಕಳುಹಿಸಲು ಮನಸ್ಸಾಗದೆ 1853ರಲ್ಲಿ ಮೊಗ್ಲಿಂಗ್ ತಾವೂ ಜೊತೆಗೆ ಹೊರಟರು. ಬಾಸೆಲ್‌ನ ಆಡಳಿತ ಮಂಡಳಿಯ ಅಪ್ಪಣೆಗೆ ಅವರು ಕಾಯಲಿಲ್ಲ. ಮಂಡಳಿಗೆ ಇದು ಹಿಡಿಸಲೂ ಇಲ್ಲ. ಕೊಡಗಿನ ಕೆಲಸವನ್ನು ಅದು ತನ್ನದೆಂದು ಒಪ್ಪಿಕೊಳ್ಳಲು ಕೆಲವು ವರ್ಷಗಳೇ ಹಿಡಿದವು.

ಮತಾಂತರದ ಪ್ರಶ್ನೆ ಕೊಡಗಿನಲ್ಲಿ ಕೇವಲ ದೇವರ ಪ್ರಶ್ನೆಯಾಗಿರಲಿಲ್ಲ. ಕೊಡವರಲ್ಲಿ ಜಮ್ಮಾ ಭೂಮಿ ಒಬ್ಬನ ಸ್ವತ್ತಲ್ಲ, ಇಡೀ ಒಕ್ಕದ ಸ್ವತ್ತು. ಐನ್‌ಮನೆಯ ನೆಲ್ಲಕ್ಕಿಯ ದೀಪದ ಮುಂದೆ ಕಾರೋಣನಿಗೆ, ಅಂದರೆ ಕುಲದ ಮೂಲಪುರುಷನಿಗೆ, ನಡೆದುಕೊಳ್ಳುವುದು ಒಕ್ಕದ ಸದಸ್ಯತ್ವದ ಭಾಗವೇ ಆಗಿತ್ತು. ಅದನ್ನು ಬಿಟ್ಟವನು ಒಕ್ಕದ ಗದ್ದೆಯಲ್ಲಿ ಪಾಲುದಾರನಾಗಿ ಉಳಿಯುವನೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಸೋಮಯ್ಯನವರ ಕಥೆಯನ್ನು ಬರೆಯಹೊರಟ ಪಾದ್ರಿಗೆ ಒಕ್ಕ, ಜಮ್ಮಾ, ನಾಡುಕೂಟಗಳ ವ್ಯವಸ್ಥೆಯನ್ನು ವಿವರಿಸದೆ ಗತಿಯಿರಲಿಲ್ಲ. ಅದನ್ನು ವಿವರಿಸಹೊರಟರೆ ಅರಸರ ಕಥೆ ಹೇಳದೆ ಮುಗಿಯುತ್ತಿರಲಿಲ್ಲ. 'ಕೂರ್ಗ್ ಮೆಮಾಯರ್ಸ್' ಗ್ರಂಥದಲ್ಲಿ ನಾಡಿನ ವರ್ಣನೆ, ರಾಜರ ಚರಿತ್ರೆ ಮತ್ತು ಮಿಷನ್ನಿನ ವೃತ್ತಾಂತ ಒಂದೇ ರಟ್ಟಿನೊಳಗೆ ಕುಳಿತಿರುವುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

'ಕೂರ್ಗ್ ಮೆಮಾಯರ್ಸ್'

ಈ ಗ್ರಂಥ 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಆಗ ಕೊಡಗು ಕಂಪನಿಯ ವಶವಾಗಿ 21 ವರ್ಷ ಮಾತ್ರ ಕಳೆದಿತ್ತು. ಹಾಲೇರಿ ಅರಸರ ಸೇವೆಯಲ್ಲಿದ್ದವರು, ಅರಮನೆಯ ಶಿಕ್ಷೆ ಕಂಡವರು, ಇನಾಮು ಉಂಡವರು ಇನ್ನೂ ಬದುಕಿದ್ದ ಕಾಲ ಅದು. ಇನ್ನೊಂದು ತಲೆಮಾರು ಕಳೆದಿದ್ದರೆ ಅವರ ನೆನಪುಗಳು ಕೊಡವರ ಬಾಳೋಪಾಟ್‌ನಂತಹ ಹಾಡುಗಳಲ್ಲಿ ಮಾತ್ರ ಉಳಿಯುತ್ತಿದ್ದವು.

ಮೊಗ್ಲಿಂಗ್ ಅವರ ಮುಖ್ಯ ಲಿಖಿತ ಆಕರ 'ರಾಜೇಂದ್ರನಾಮೆ'. ದೊಡ್ಡವೀರರಾಜೇಂದ್ರನ ಇಚ್ಛೆಯಂತೆ ಕನ್ನಡದಲ್ಲಿ ರಚಿತವಾದ ಈ ಆಸ್ಥಾನ ಚರಿತ್ರೆಯು 1633ರಿಂದ ಮೊದಲಾಗಿ ಹಾಲೇರಿ ವಂಶದ ಕಥೆಯನ್ನು ಹೇಳುತ್ತದೆ. ಅದರ ಇಂಗ್ಲಿಷ್ ಅನುವಾದವನ್ನು ರಾಬರ್ಟ್ ಅಬರ್‌ಕ್ರೋಂಬಿ ಎಂಬ ಕಂಪನಿ ಅಧಿಕಾರಿ ರಾಜನ ಕಾಲದಲ್ಲಿಯೇ ಮಾಡಿದ್ದನು. ವಂಶದ ಮೂಲಪುರುಷನು ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆನಿಂತದ್ದು, 1681ರಲ್ಲಿ ಮುದ್ದುರಾಜನು ರಾಜಧಾನಿಯನ್ನು ಮಡಿಕೇರಿಗೆ ಬದಲಾಯಿಸಿದ್ದು, ಹೈದರಾಲಿ ಮತ್ತು ಟಿಪ್ಪು ಸುಲ್ತಾನರೊಂದಿಗಿನ ಯುದ್ಧಗಳು, 1788ರಲ್ಲಿ ದೊಡ್ಡವೀರರಾಜೇಂದ್ರನು ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡದ್ದು, 1790ರ ಕಂಪನಿಯ ಒಪ್ಪಂದ ಇವೆಲ್ಲ ಕೊಡಗಿನ ಇತಿಹಾಸದಲ್ಲಿ ಇಂದು ಪಾಠದಷ್ಟು ಪರಿಚಿತವಾದ ಘಟನೆಗಳು. ಆಸ್ಥಾನ ಗ್ರಂಥವೊಂದರಲ್ಲಿ ಹುದುಗಿದ್ದ ಈ ಕಥೆ ಹೊರಗಿನ ಓದುಗರಿಗೆ ತಲುಪಿದ ದಾರಿಗಳಲ್ಲಿ ಮೊಗ್ಲಿಂಗ್ ಅವರ ಪುಸ್ತಕವೂ ಒಂದು.

ಆದರೆ ಆಸ್ಥಾನ ಚರಿತ್ರೆಯನ್ನು ಆಧರಿಸುವುದೆಂದರೆ ಅದರ ಪಕ್ಷಪಾತವನ್ನೂ ಹೊತ್ತುಕೊಳ್ಳುವುದೇ. 'ರಾಜೇಂದ್ರನಾಮೆ' ಟಿಪ್ಪುವಿನ ಕಡುವೈರಿಯೂ ಕಂಪನಿಯ ಮಿತ್ರನೂ ಆಗಿದ್ದ ಅರಸನು ಹೇಳಿ ಬರೆಸಿದ್ದು. ಟಿಪ್ಪುವಿನ ಕೊಡಗಿನ ದಂಡಯಾತ್ರೆಗಳ ಬಗ್ಗೆ, ಸೆರೆಹಿಡಿದು ಒಯ್ದವರ ಸಂಖ್ಯೆಯ ಬಗ್ಗೆ ಇಂದಿಗೂ ತೀರದ ವಾದವಿದೆ. ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳಲ್ಲಿ ಕಾಣುವ ಅಂಕಿಗಳನ್ನು ಉದ್ಧರಿಸುವವರು ಅವುಗಳ ಹಿಂದೆ ಯಾರ ಓಲೆಕಾರರಿದ್ದರು ಎಂಬುದನ್ನೂ ಗಮನಿಸಬೇಕಾಗುತ್ತದೆ.

'ರಾಜೇಂದ್ರನಾಮೆ' ಮುಗಿದ ಮೇಲಿನ ಕಾಲಕ್ಕೆ ಅಂಥ ಆಸ್ಥಾನ ಗ್ರಂಥದ ಆಸರೆಯಿಲ್ಲ. ಮೆಚ್ಚಿನ ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡ ನಂತರ ದೊಡ್ಡವೀರರಾಜೇಂದ್ರನ ಮನಸ್ಸು ಕೆಟ್ಟದ್ದು, ಶಂಕೆ ಮತ್ತು ಕ್ರೋಧದಲ್ಲಿ ಅವನು ತನ್ನವರನ್ನೇ ಕೊಲ್ಲಿಸಿದ್ದು, 1809ರಲ್ಲಿ ಅವನು ಸತ್ತ ಮೇಲೆ ಬಾಲೆ ದೇವಮ್ಮಾಜಿಯನ್ನು ಬದಿಗಿರಿಸಿ ತಮ್ಮ ಲಿಂಗರಾಜನು ಗದ್ದುಗೆ ಹಿಡಿದದ್ದು, ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದದ್ದು, 1832ರಲ್ಲಿ ಅವನ ತಂಗಿಯೂ ಭಾವ ಚೆನ್ನಬಸಪ್ಪನೂ ಕಂಪನಿಯ ಆಶ್ರಯಕ್ಕೆ ಓಡಿದ್ದು ಇವು ಈ ಕಾಲದ ಮುಖ್ಯ ಘಟನೆಗಳು. ಅರಮನೆ ಹೇಳಿದ ಕಥೆ ಇಲ್ಲಿ ನಿಂತು, ಅರಮನೆಯ ಬಗ್ಗೆ ಜನ ಹೇಳಿಕೊಂಡ ಕಥೆ ಆರಂಭವಾಗುತ್ತದೆ. ಅಂಥ ಮಾತನ್ನು ಕಿವಿಗೊಟ್ಟು ಕೇಳಬಲ್ಲಷ್ಟು ಕನ್ನಡ ಮೊಗ್ಲಿಂಗ್ ಅವರಿಗೆ ಚೆನ್ನಾಗಿ ಬರುತ್ತಿತ್ತು. ದುಭಾಷಿಯನ್ನು ಅವಲಂಬಿಸಿದ ಅಧಿಕಾರಿಗಳಿಗೆ ಈ ಅನುಕೂಲವಿರಲಿಲ್ಲ.

ಪುಸ್ತಕದ ಸಂದರ್ಭಕ್ಕೆ ಇನ್ನೊಂದು ವಿಶೇಷವಿದೆ. ಅದು ಅಚ್ಚಾದಾಗ ಅದರ ಕೊನೆಯ ಅರಸ ಇನ್ನೂ ಜೀವಂತ. 1834ರಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿ ಪ್ರವೇಶಿಸಿದ ಮೇಲೆ ಪದಚ್ಯುತನಾದ ಚಿಕ್ಕವೀರರಾಜೇಂದ್ರನು ವೆಲ್ಲೂರು, ಬಳಿಕ ಕಾಶಿಯಲ್ಲಿ ವರ್ಷಗಳನ್ನು ಕಳೆದು, 1852ರಲ್ಲಿ ಮಗಳು ಗೌರಮ್ಮಳೊಂದಿಗೆ ಇಂಗ್ಲೆಂಡಿಗೆ ಹೋಗಿದ್ದನು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಗೌರಮ್ಮಳಿಗೆ ದೀಕ್ಷಾಸ್ನಾನವಾಯಿತು. ಕಂಪನಿಯ ಬಳಿ ಉಳಿದ ತನ್ನ ಹಣಕ್ಕಾಗಿ ರಾಜನು ಲಂಡನ್ನಿನ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದನು. 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಅತ್ತ ಲಂಡನ್ನಿನಲ್ಲಿ ಅರಸ ತನ್ನ ಹಕ್ಕಿನ ಮಾತನ್ನಾಡುತ್ತಿದ್ದ ಹೊತ್ತಿನಲ್ಲೇ ಇತ್ತ ಅವನ ಹಳೆಯ ರಾಜ್ಯದಲ್ಲಿ ಕುಳಿತ ಪಾದ್ರಿಯೊಬ್ಬರು ಅವನ ಆಳ್ವಿಕೆಯ ಲೆಕ್ಕ ಬರೆಯುತ್ತಿದ್ದರು. ಹೀಗಾಗಿ ಈ ಚರಿತ್ರೆಯ ಒಂದೊಂದು ತೀರ್ಪೂ ವರ್ತಮಾನದ ರಾಜಕೀಯಕ್ಕೆ ತಾಗುವಂತಿತ್ತು.

ಮೊಗ್ಲಿಂಗ್ ಅವರ ತೀರ್ಪು ಅರಸರ ಪರವಾಗಿಲ್ಲ. ಹಾಲೇರಿ ವಂಶದ ಕೊನೆಗಾಲವನ್ನು ಅವರು ಕ್ರೌರ್ಯದ ಕಥೆಯಾಗಿ ಕಂಡರು. ಕಂಪನಿಯ ಆಳ್ವಿಕೆಯಲ್ಲಿ ಬಿಡುಗಡೆಯನ್ನೂ ದೈವಸಂಕಲ್ಪವನ್ನೂ ಕಂಡರು. ಜನರ ಒಮ್ಮತದ ಇಚ್ಛೆಯಂತೆ ಕೊಡಗನ್ನು ಸೇರಿಸಿಕೊಳ್ಳಲಾಗಿದೆ ಎಂದು 1834ರ ಮೇ ತಿಂಗಳ ಘೋಷಣೆ ಸಾರಿತ್ತು. ಆದರೆ ಮೂರೇ ವರ್ಷದಲ್ಲಿ ಅರಸುಮನೆತನದ ಹೆಸರಿನಲ್ಲಿ ಅಮರ ಸುಳ್ಯದ ರೈತರು ಎದ್ದಿದ್ದರು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ಮಿಷನರಿಗಳ ವಿವರಣೆ ಎಲ್ಲಿ ಸಾಲದು ಎಂಬುದು ಕಾಣುತ್ತದೆ. ಇತ್ತೀಚಿನ ಇತಿಹಾಸಕಾರರು 1837ರ ದಂಗೆಯನ್ನು ವಸಾಹತು ವಿರೋಧಿ ಹೋರಾಟವಾಗಿ ಓದುತ್ತಾರೆ. ಇಷ್ಟಾದರೂ, ಅರಸರ ಕ್ರೌರ್ಯದ ಕಥೆಗಳನ್ನೆಲ್ಲ ಬ್ರಿಟಿಷರ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸುಲಭವಲ್ಲ. ಇಂಥ ಎಷ್ಟೋ ಕಥೆಗಳು ಕೊಡಗಿನ ಮನೆಮನೆಯ ನೆನಪಿನಲ್ಲೂ ಇದ್ದವು. ಒಂದು ಶತಮಾನದ ಬಳಿಕ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಚಿಕವೀರರಾಜೇಂದ್ರ' ಕಾದಂಬರಿಯಲ್ಲಿ ಕೈಗೆತ್ತಿಕೊಂಡದ್ದು ಇದೇ ಇಕ್ಕಟ್ಟಿನ ಕಥೆಯನ್ನು.

ಆನಂದಪುರ

ಕೊಡವರಲ್ಲಿ ಮೊಗ್ಲಿಂಗ್ ನಿರೀಕ್ಷಿಸಿದ ಮತಾಂತರ ನಡೆಯಲಿಲ್ಲ. ಸೋಮಯ್ಯನವರ ಕುಟುಂಬವನ್ನು ಹಿಂಬಾಲಿಸಿದವರು ಬಹಳ ಕಡಿಮೆ. ಅವರ ಬಳಿಗೆ ಬಂದವರು ಬೇರೆಯೇ ಜನ: ಜಮ್ಮಾ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದ ಹೊಲೆಯರು. 1850ರ ದಶಕದ ಉತ್ತರಾರ್ಧದಲ್ಲಿ ಸಿದ್ದಾಪುರ ಮತ್ತು ಅಮ್ಮತ್ತಿಯ ಸೀಮೆಯ ಕಾಡಿನಲ್ಲಿ ಅವರಿಗಾಗಿ ಒಂದು ಊರು ಕಟ್ಟಲಾಯಿತು. ಅದೇ ಆನಂದಪುರ. ಕೊಡಗಿನ ಮೊದಲ ಐರೋಪ್ಯ ಕಾಫಿ ತೋಟವನ್ನು ಫೌಲರ್ ಎಂಬಾತ ಮಡಿಕೇರಿಯ ಬಳಿ 1854ರಲ್ಲಷ್ಟೇ ಆರಂಭಿಸಿದ್ದನು. ಆ ಹೊಸ ಬೆಳೆಯನ್ನೇ ನಂಬಿ ಆನಂದಪುರದಲ್ಲೂ ಕಾಫಿ ಹಾಕಲಾಯಿತು. ಮಂಗಳೂರಿನಿಂದ ಬಂದ ಶಿಷ್ಯ ಕೌಂಡಿನ್ಯ ಈ ಊರಿನ ಹೊಣೆ ಹೊತ್ತು, 1893ರಲ್ಲಿ ತಾವು ತೀರಿಕೊಳ್ಳುವವರೆಗೂ ಕೊಡಗಿನೊಂದಿಗೆ ನಂಟು ಉಳಿಸಿಕೊಂಡರು.

ಅರಸರ ಮತ್ತು ಭೂಮಿಯುಳ್ಳ ಒಕ್ಕಗಳ ಕಥೆಯನ್ನು ಅಷ್ಟು ವಿಸ್ತಾರವಾಗಿ ಬರೆದ ಲೇಖಕ ಕೊನೆಗೆ ಬಾಳುವೆ ಹಂಚಿಕೊಂಡದ್ದು ಆ ಕಥೆಯಲ್ಲಿ ಹೆಸರೇ ಇಲ್ಲದ ಜೀತದಾಳುಗಳೊಂದಿಗೆ.

ಜರ್ಮನಿಗೆ ಮರಳಿದ ಮೇಲೆ

ವೈಗ್ಲೆ 1855ರಲ್ಲಿ ತೀರಿಕೊಂಡಿದ್ದರು. ಅವರ ವಿಧವೆ, ನಾಲ್ಕು ಮಕ್ಕಳ ತಾಯಿ ಪೌಲಿನ್ ಅವರನ್ನು ಮೊಗ್ಲಿಂಗ್ ಮದುವೆಯಾಗಿದ್ದರು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ದಂಪತಿಗಳು ಜರ್ಮನಿಗೆ ಹಿಂತಿರುಗಬೇಕಾಯಿತು. ಮೊಗ್ಲಿಂಗ್ ಮತ್ತೆ ಭಾರತಕ್ಕೆ ಬರಲಿಲ್ಲ.

ಆದರೆ ಕನ್ನಡದ ಕೆಲಸ ನಿಲ್ಲಲಿಲ್ಲ. ಜರ್ಮನ್ ಪ್ರಾಚ್ಯವಿದ್ಯಾ ಸಂಘದ ನಿಯತಕಾಲಿಕದಲ್ಲಿ ಹರಿದಾಸರ ಹಾಡುಗಳ ಮತ್ತು ಲಕ್ಷ್ಮೀಶನ ಜೈಮಿನಿ ಭಾರತದ ಕೆಲವು ಭಾಗಗಳ ಜರ್ಮನ್ ಅನುವಾದಗಳನ್ನು ಪ್ರಕಟಿಸಿದರು. ಕೊಡಗಿನ ನಾಡು ಮತ್ತು ಅಲ್ಲಿನ ಮಿಷನ್ನಿನ ಬಗ್ಗೆ ವೈಟ್‌ಬ್ರೆಕ್ಟ್ ಎಂಬವರೊಡನೆ ಬರೆದ ಜರ್ಮನ್ ಪುಸ್ತಕ 1866ರಲ್ಲಿ ಹೊರಬಂದಿತು. 1881ರ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ಅವರು ನಿಧನರಾದರು. ಮರುವರ್ಷ ಪ್ರಕಟವಾದ ಅವರ ಜೀವನಚರಿತ್ರೆಯನ್ನು ಸಿದ್ಧಪಡಿಸಿದವರು ಹಳೆಯ ಗೆಳೆಯ ಗುಂಡರ್ಟ್.

ನಂತರದ ಕೊಡಗಿನ ಚರಿತ್ರೆ

ಮೊಗ್ಲಿಂಗ್ ಬಿಟ್ಟ ಎಳೆಯನ್ನು ಹಿಡಿದವರು ಇನ್ನೊಬ್ಬ ಜರ್ಮನ್ ಮೇಷ್ಟರು. ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದು, ಮುಂದೆ ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದ ಜಿ. ರಿಕ್ಟರ್ 1870ರಲ್ಲಿ 'ಮ್ಯಾನ್ಯುಯಲ್ ಆಫ್ ಕೂರ್ಗ್' ಎಂಬ ಗ್ರಂಥವನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ನೆಲ, ಗಿಡಮರ, ಪ್ರಾಣಿ, ಜನ, ಚರಿತ್ರೆ, ಆಡಳಿತ ಎಲ್ಲವನ್ನೂ ಒಳಗೊಂಡ ಅದು ಗೆಜೆಟಿಯರಿನ ಮಾದರಿಯ ಗ್ರಂಥ. ಕೊಡಗಿನ ಜಾತಿ ಮತ್ತು ಬುಡಕಟ್ಟುಗಳ ಕುರಿತ ಅವರ ಇನ್ನೊಂದು ಪುಸ್ತಕ 1887ರಲ್ಲಿ ಬಂದಿತು. ಮೊಗ್ಲಿಂಗ್ ಅವರ ಬರವಣಿಗೆಯಲ್ಲಿ ಆಳ್ವಿಕೆಯ ಕಥೆ ಮುಂದಿದ್ದರೆ, ರಿಕ್ಟರ್ ಅವರಲ್ಲಿ ತರಗತಿಯ ಮೇಷ್ಟರ ವರ್ಗೀಕರಣ ಮುಂದಿದೆ. ಓದಲು ಮೊದಲನೆಯದು ಹಿತ, ಹುಡುಕಲು ಎರಡನೆಯದು ಅನುಕೂಲ. ಇದೇ ಸುಮಾರಿಗೆ ಕ್ಯಾಪ್ಟನ್ ಕೋಲ್ ಕೊಡವ ಭಾಷೆಯ ವ್ಯಾಕರಣವನ್ನೂ (1867), ಬಾಸೆಲ್ ಮಿಷನ್ನಿನ ಗ್ರೇಟರ್ ಕೊಡವ ಹಾಡುಗಳನ್ನೂ ಪ್ರಕಟಿಸಿದರು.

ಬಿ.ಎಲ್. ರೈಸ್ ಅವರ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ 1876–78ರಲ್ಲಿ ಮೂರು ಸಂಪುಟಗಳಲ್ಲಿ ಬಂದಾಗ ಮೂರನೆಯದು ಪೂರ್ತಿಯಾಗಿ ಕೊಡಗಿಗೆ ಮೀಸಲಾಯಿತು. ಅದರ ಹಿಂದೆ ಈ ಜರ್ಮನ್ ಅಧ್ಯಾಪಕರ ಶ್ರಮವಿತ್ತು. ಹೋಲಿಕೆಗಾಗಿ ನೋಡುವುದಾದರೆ, ತರೀಕೆರೆಯ ಪಾಳೆಯಗಾರರ ಸೀಮೆಯನ್ನು ಒಳಗೊಂಡ ಕಡೂರು ಜಿಲ್ಲೆಗೆ ಎರಡನೆಯ ಸಂಪುಟದಲ್ಲಿ ದೊರೆತದ್ದು ಬೇರೆ ಜಿಲ್ಲೆಗಳ ನಡುವಿನ ಒಂದು ಅಧ್ಯಾಯ; ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಶಾಸನಗಳು ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಕಡೂರು ಸಂಪುಟದಲ್ಲಿ ಬೆಳಕು ಕಾಣಲು 1901ರವರೆಗೆ ಕಾಯಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕೊಡಗಿನ ಚರಿತ್ರೆಯನ್ನು ಕೊಡಗಿನವರೇ ಬರೆಯತೊಡಗಿದರು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಸಂಗ್ರಹಿಸಿದ ಹಾಡು, ಗಾದೆ, ಆಚರಣೆಗಳ 'ಪಟ್ಟೋಲೆ ಪಳಮೆ' 1924ರಲ್ಲಿ ಪ್ರಕಟವಾಯಿತು. ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಅಧ್ಯಯನದಲ್ಲಿ ಮೊಗ್ಲಿಂಗ್ ಮತ್ತು ರಿಕ್ಟರ್ ಇಬ್ಬರ ಗ್ರಂಥಗಳೂ ಆಕರಗಳಾಗಿವೆ. ಕನ್ನಡದಲ್ಲಿ ಡಿ.ಎನ್. ಕೃಷ್ಣಯ್ಯನವರ 'ಕೊಡಗಿನ ಇತಿಹಾಸ' 1974ರಲ್ಲಿ ಬಂದಿತು. ಶ್ರೀನಿವಾಸ ಹಾವನೂರರು ಅದೇ ವರ್ಷ ಪ್ರಕಟವಾದ 'ಹೊಸಗನ್ನಡದ ಅರುಣೋದಯ'ದಲ್ಲಿ ಹತ್ತೊಂಬತ್ತನೆಯ ಶತಮಾನದ ಕನ್ನಡ ಬರವಣಿಗೆಯ ವಿಸ್ತಾರ ಸಮೀಕ್ಷೆ ನಡೆಸಿ, ಮಿಷನರಿಗಳ ಕನ್ನಡ ಕೆಲಸವನ್ನು ಮತ್ತೆ ಚರ್ಚೆಗೆ ತಂದರು.